ಚೆಂಡು ಅಲುಗಿತೆಂದವಳು

ನನ್ನ ದೊಡ್ಡಮ್ಮನ ಮಗಳ ಎರಡು ಕೈಗಳನ್ನು ಪಕ್ಕಪಕ್ಕದಲ್ಲಿ ಕಂಡವರು ಅವು ಒಬ್ಬಳೇ ಹೆಂಗಸಿನವೆಂದು ಸುಲಭವಾಗಿ ಒಪ್ಪುವುದಿಲ್ಲ. ಬಲಗೈ ಬಿಸಿಲಿಗೆ ಬೆಂದು, ಗೆಣ್ಣುಗಳಲ್ಲಿ ಬಿರಿದು, ಇಪ್ಪತ್ತೆರಡು ವರ್ಷ ಬಯಲಲ್ಲಿ ದುಡಿದ ಕೈ ಹೇಗಿರಬೇಕೋ ಹಾಗಿದೆ. ಎಡಗೈ ಮಾತ್ರ ಆಟದ ಕೈಗವಸಿನೊಳಗೇ ಆಯುಷ್ಯ ಕಳೆದು, ಮಣಿಕಟ್ಟಿನಿಂದಾಚೆಗೆ ಬೆಳ್ಳಗೆ, ಯಾವ ಕೆಲಸವನ್ನೂ ಕಾಣದ ಹುಡುಗಿಯ ಕೈಯಂತೆ ಮೃದುವಾಗಿದೆ. ಹನ್ನೊಂದು ಪ್ರಶಸ್ತಿ ಗೆದ್ದ ಗಾಲ್ಫ್ ಆಟಗಾರ್ತಿ ಎಂಬುದಕ್ಕೆ ಅವಳ ಮೈಮೇಲಿರುವ ಗುರುತು ಅದೊಂದೇ. ನೆಂಟರ ಹೆಂಗಸರು ಅನುಕಂಪದಿಂದ ಚರ್ಮದ ವೈದ್ಯರ ವಿಳಾಸ ಹೇಳಿದರೆ ಅಕ್ಕ ಗಂಭೀರವಾಗಿ ಬರೆದುಕೊಳ್ಳುತ್ತಿದ್ದಳು.

ಅವಳು ನಡೆಯುವುದಿಲ್ಲ, ಅಳೆಯುತ್ತಾಳೆ. ನಮ್ಮ ಗೇಟಿನಿಂದ ಬಸ್ ನಿಲ್ದಾಣಕ್ಕೆ ಇನ್ನೂರಹದಿನಾಲ್ಕು ಹೆಜ್ಜೆಯೆಂದು ನನಗೆ ಗೊತ್ತಾದದ್ದು ಅವಳ ದೆಸೆಯಿಂದ. ಮೈಮೇಲೆ ಸದಾ ಒಂದು ತೋಳಿಲ್ಲದ ನೀಲಿ ಕೋಟು. ಒಗೆಯಲು ಹಾಕಿದಾಗಲೆಲ್ಲ ಅದರ ಜೇಬಿನಿಂದ, ಹೊಡೆಯುವ ಮುನ್ನ ಚೆಂಡನ್ನು ಕೂರಿಸುವ ಮರದ ಮೊಳೆಗಳು ಉದುರಿ ದೊಡ್ಡಮ್ಮನ ವಾಷಿಂಗ್ ಮೆಷಿನ್ ಎರಡು ಸಲ ಕೆಟ್ಟಿತು. ಗೆದ್ದರೂ, ಸೋತರೂ, ಗಂಡ ಬಿಟ್ಟುಹೋದಾಗಲೂ ಅವಳದು ಒಂದೇ ಮಾತು: "ಆಯ್ತಲ್ಲ, ಮುಂದೆ?"

ಅವಳನ್ನು ಆಟಗಾರ್ತಿಯಾಗಿ ಕಟ್ಟಿ ನಿಲ್ಲಿಸಿದವರು ದೊಡ್ಡಪ್ಪ. ಸರ್ವೇ ಕಚೇರಿಯಲ್ಲಿ ಮೂವತ್ತು ವರ್ಷ ನೆಲ ಅಳೆದ ಮನುಷ್ಯ. ಟೇಪು ಹಿಡಿಯದೆ ಅವರು ಹೇಳಿದ ದೂರವನ್ನು ಆಮೇಲೆ ಟೇಪು ಹಿಡಿದು ನೋಡಿದರೆ ಗೇಣಿನಷ್ಟೂ ವ್ಯತ್ಯಾಸ ಬರುತ್ತಿರಲಿಲ್ಲ. ಮಗಳ ಸ್ಟಿಕ್ಕುಗಳ ಭಾರದ ಚೀಲವನ್ನು ತಾವೇ ಹೊತ್ತು, ಗಾಳಿ ನೋಡಿ, ಇಳಿಜಾರು ನೋಡಿ, ಯಾವ ಸ್ಟಿಕ್ಕು, ಎಷ್ಟು ಜೋರು ಎಂಬುದನ್ನೆಲ್ಲ ತಾವೇ ನಿರ್ಧರಿಸುತ್ತಿದ್ದರು. ನೋಡುವುದು ಅಪ್ಪನ ಪಾಲು, ಹೊಡೆಯುವುದು ಮಗಳ ಪಾಲು. ಆರು ಪ್ರಶಸ್ತಿಗಳು ಬಂದದ್ದು ಹಾಗೆಯೇ.

ಏಳನೆಯದು ಎಲ್ಲಕ್ಕಿಂತ ದೊಡ್ಡದಾಗಬೇಕಿತ್ತು. ಗೆದ್ದವಳಿಗೆ ಹೊರದೇಶದ ಸರಣಿಗಳ ಬಾಗಿಲು ತೆರೆಯುವ ಪಂದ್ಯ ಅದು. ಕಡೆಯ ದಿನ, ಎರಡೇ ಕುಳಿಗಳು ಬಾಕಿ, ಅಕ್ಕ ಒಂದು ಹೊಡೆತ ಮುಂದಿದ್ದಾಳೆ. ಹುಲ್ಲಿನಲ್ಲಿ ಬಿದ್ದಿದ್ದ ಚೆಂಡಿನ ಹಿಂದೆ ಸ್ಟಿಕ್ಕನ್ನು ಊರಿದವಳು ತಟಕ್ಕನೆ ಹಿಂದೆ ಸರಿದು ಕೈ ಎತ್ತಿದಳು. ಸ್ಟಿಕ್ಕು ತಾಗಿ ಚೆಂಡು ಅಲುಗಿತು, ಎಂದಳು. ಹಾಗೆ ಅಲುಗಿದರೆ ಆಗಿನ ನಿಯಮದಂತೆ ಒಂದು ಹೊಡೆತದ ದಂಡ. ಮೂರು ಹೆಜ್ಜೆ ಆಚೆ ನಿಂತಿದ್ದ ದೊಡ್ಡಪ್ಪ ತೀರ್ಪುಗಾರನ ಎದುರಿಗೇ ಹೇಳಿದರು: "ಅಲುಗಿಲ್ಲ. ನಾನು ನೋಡ್ತಾನೇ ಇದ್ದೆ." ಅಕ್ಕ ಅವರತ್ತ ತಿರುಗದೆ, "ನನಗೆ ಕಾಣಿಸ್ತು" ಎಂದಳು.

ಆ ಆಟದಲ್ಲಿ ಚೀಲ ಹೊರುವವರನ್ನು ಬಿಟ್ಟು ಬೇರೆ ಸಾಕ್ಷಿ ಇಲ್ಲದಿದ್ದರೆ ಆಟಗಾರ್ತಿಯ ಮಾತೇ ಕೊನೆ. ದಂಡ ಬಿತ್ತು. ದೊಡ್ಡಪ್ಪ ಚೀಲವನ್ನು ಹುಲ್ಲಿನ ಮೇಲಿಟ್ಟು ಹೊರಗೆ ನಡೆದುಬಿಟ್ಟರು. ಉಳಿದದ್ದನ್ನು ಅವಳು ತಾನೇ ಚೀಲ ಹೊತ್ತು ಆಡಿ ಒಂದೇ ಒಂದು ಹೊಡೆತದಿಂದ ಸೋತಳು.

ಆಮೇಲೆ ಶುರುವಾಯಿತು ನೋಡಿ ಲೋಕದ ಉತ್ಸಾಹ! ಶಾಲೆಗಳು, ಬ್ಯಾಂಕುಗಳು, ಪೊಲೀಸ್ ತರಬೇತಿ ಕೇಂದ್ರ ಕೂಡ ಅವಳನ್ನು ಕರೆದು ಪ್ರಾಮಾಣಿಕತೆಯ ಮೇಲೆ ಭಾಷಣ ಮಾಡಿಸಿದವು. ಅನಂತರ ಅವಳು ಒಂಟಿಯಾಗಿ ಗೆದ್ದ ಐದು ಪ್ರಶಸ್ತಿಗಳ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಇತ್ತ ದೊಡ್ಡಪ್ಪ, ಹತ್ತು ಜನರೆದುರು ತಮ್ಮ ಕಣ್ಣನ್ನು ಸುಳ್ಳು ಮಾಡಿದ ಮಗಳ ಜೊತೆ ಹದಿನಾಲ್ಕು ವರ್ಷ ಒಂದು ಮಾತೂ ಆಡಲಿಲ್ಲ. ಒಂದೇ ಮನೆ, ಒಂದೇ ಮೇಜು. ಉಪ್ಪು ಬೇಕಾದರೂ ದೊಡ್ಡಮ್ಮನ ಮೂಲಕವೇ ಕೇಳುವುದು. ಅವರ ಮೊಂಡುತನಕ್ಕೆ ನನಗೆ ಮೈಯೆಲ್ಲ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ. ಅಕ್ಕನಿಗೋ ಬೇಕಾಗಿದ್ದದ್ದು ಅಪ್ಪನ ಬಾಯಿಂದ ಒಂದು ಮಾತು. ಪ್ರತಿ ಪಂದ್ಯಕ್ಕೂ ಅವರ ಹೆಸರಿನ ಪಾಸು ತಂದು ಟಿವಿಯ ಮೇಲಿಡುತ್ತಿದ್ದಳು. ಅದು ಅಲ್ಲೇ ಧೂಳು ತಿನ್ನುತ್ತಿತ್ತು.

ಅವಳು ನಿವೃತ್ತಳಾದಾಗ ಕ್ಲಬ್ಬಿನವರು, ಅಂದು ಕೈ ಎತ್ತಿ ನಿಂತ ಅವಳ ಚಿತ್ರವನ್ನು ಸಭಾಂಗಣದಲ್ಲಿ ತೂಗುಹಾಕಿದರು. ಆ ಸಮಾರಂಭಕ್ಕೆ ದೊಡ್ಡಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತರು. ವೇದಿಕೆಯ ಮೇಲಿದ್ದ ಅಕ್ಕನ ಮುಖ ಅವರನ್ನು ಕಂಡು ಹೇಗೆ ಅರಳಿತೆಂಬುದನ್ನು ನಾನು ಮರೆಯಲಾರೆ. ಕಾರ್ಯದರ್ಶಿ ಮೈಕನ್ನು ಅವರ ಕೈಗಿತ್ತು ಎರಡು ಮಾತು ಹೇಳಬೇಕೆಂದು ಕೋರಿದ.

"ಚೆಂಡು ಅಲುಗಿರಲಿಲ್ಲ" ಎಂದರು ದೊಡ್ಡಪ್ಪ. ಅಷ್ಟನ್ನೇ ಹೇಳಿ ಕೂತರು.

ಮುದುಕರ ತಮಾಷೆಯೆಂದುಕೊಂಡು ಸಭೆ ಬಿದ್ದು ಬಿದ್ದು ನಕ್ಕಿತು, ಚಪ್ಪಾಳೆ ತಟ್ಟಿತು. ಅಕ್ಕ ಬಗ್ಗಿ, ಸನ್ಮಾನಕ್ಕೆ ಹಾಕಿದ್ದ ಹಾರವನ್ನು ಮಡಚತೊಡಗಿದಳು.

ಹಿಂದಿರುಗುವಾಗ ಕಾರಿನಲ್ಲಿ ಅಕ್ಕ, ನಾನು ಇಬ್ಬರೇ. ತಡೆಯಲಾರದೆ, ನಿಜ ಏನೆಂದು ಕೇಳಿಯೇಬಿಟ್ಟೆ.

"ಅಪ್ಪ ಹೇಳಿದ್ದೇ ಸರಿ ಇರಬಹುದು ಕಣೋ. ಅವರ ಕಣ್ಣು ತಪ್ಪಿದ್ದನ್ನ ನಾನು ಕಂಡಿಲ್ಲ."

"ಮತ್ತೆ ಕೈ ಯಾಕೆ ಎತ್ತಿದೆ?"

"ನನಗೆ ಅಲುಗಿದ ಹಾಗೆ ಕಂಡಿತು. ಅಲ್ಲಿವರೆಗೆ ನನಗೆ ಏನು ಕಂಡಿತು ಅಂತ ಯಾರೂ ಕೇಳಿರಲಿಲ್ಲ."

ಇಂಥವರನ್ನು ನಾವು ಸತ್ಯವಂತರೆಂದು ಹೊಗಳಿ, ಗೋಡೆಗೆ ತೂಗುಹಾಕಿ ಕೈ ತೊಳೆದುಕೊಳ್ಳುತ್ತೇವೆ. ಅವರೇನೂ ಸತ್ಯದ ಗುತ್ತಿಗೆ ಹಿಡಿದವರಲ್ಲ. ಬದುಕಿನಲ್ಲಿ ಒಂದೇ ಒಂದು ಸಲ, ಇನ್ನೊಬ್ಬರ ಕಣ್ಣನ್ನು ಪಕ್ಕಕ್ಕಿಟ್ಟು, ತಮಗೆ ಕಂಡದ್ದನ್ನು ಗಟ್ಟಿಯಾಗಿ ಹೇಳಿದವರು. ಅಪರಿಚಿತರ ಚಪ್ಪಾಳೆ ಅವರಿಗೆ ಸಾಯುವವರೆಗೂ ಸಿಗುತ್ತದೆ. ಯಾರು ತಟ್ಟಲೆಂದು ಅವರು ಕಾಯುತ್ತಾರೋ ಆ ಒಬ್ಬರು ಮಾತ್ರ ಮುಂದಿನ ಸಾಲಿನಲ್ಲೇ ಕೈ ಕಟ್ಟಿಕೊಂಡು ಕೂತಿರುತ್ತಾರೆ.