ಐದನೆಯ ದಿನದ ಒಗೆತ

ಅತ್ತೆಯ ಬಟ್ಟೆಗಳನ್ನು ಗಂಟು ಕಟ್ಟಿದವಳು ನಾನು. ಏನೇನು ಕಟ್ಟಿದೆನೆಂದು ನೋಡಲಿಲ್ಲ. ಗುಡ್ಡ ಕುಸಿದು ನನ್ನ ಗಂಡ ಅದ್ರಿಯಾನನ ಲಾರಿ ಕಣಿವೆಗೆ ಬಿದ್ದು ಹನ್ನೊಂದು ತಿಂಗಳಾಯಿತು. ಅಂದಿನಿಂದ ನಾನು ಯಾವುದನ್ನೂ ಸರಿಯಾಗಿ ನೋಡಿಲ್ಲ.

ನಮ್ಮಲ್ಲಿ ಸತ್ತವರ ಬಟ್ಟೆಯನ್ನು ಐದನೆಯ ದಿನ ಹೊಳೆಯಲ್ಲಿ ಒಗೆಯುತ್ತಾರೆ. ಒಗೆಯಬೇಕಾದವನು ಮನೆಯ ಅಳಿಯ. ಸೊಸೆ ದಂಡೆಯಲ್ಲಿ ನಿಂತು ಒಂದೊಂದನ್ನೇ ಎತ್ತಿಕೊಡಬೇಕು. ಕೊಳೆಯ ಜೊತೆ ಸತ್ತವರ ಓಡಾಟವೂ ನೀರಿಗೆ ಹೋಗುತ್ತದೆ, ಆಮೇಲೆ ಅವರು ಮನೆಯ ಕಡೆ ತಿರುಗುವುದಿಲ್ಲ. ನಾನು ವಮಾಂಗ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಓದಿದವಳು. ಇದನ್ನು ನಂಬದೆ ಗಂಡನ ಬಟ್ಟೆಗಳನ್ನು ಮುಟ್ಟಲು ಯಾರನ್ನೂ ಬಿಟ್ಟಿರಲಿಲ್ಲ.

ಈ ಸಲ ಬೇಡ ಎನ್ನಲಿಲ್ಲ. ಅತ್ತೆಯನ್ನು ಮಣ್ಣು ಮಾಡಿದ ಮರುದಿನದಿಂದ ನನ್ನ ಮಗಳು ಎಲ್ಮಾಗೆ ಜ್ವರ. ಗಂಟಲು ಬಾತಿದೆ ಎಂದು ನರ್ಸ್ ಮಾತ್ರೆ ಕೊಟ್ಟಿದ್ದಳು. ಮಾತ್ರೆಗೆ ಜ್ವರ ಬಗ್ಗಲಿಲ್ಲ. ಪಕ್ಕದ ಮನೆಯವಳನ್ನು ಮಗುವಿನ ಹತ್ತಿರ ಕೂರಿಸಿ ಹೊಳೆಗೆ ಬಂದಿದ್ದೆ.

ಫೆಬ್ರವರಿ ನಮ್ಮಲ್ಲಿ ಮಳೆಗಾಲ; ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ನಾದಿನಿ ನಿಲ್ಡಾಳ ಗಂಡ ತಿಯೋಫಿಲೊ ಪ್ಯಾಂಟು ಮಡಚಿ ನೀರಿಗಿಳಿದ.

"ಬದುಕಿದ್ದಾಗ ಅತ್ತೆ ನನ್ನ ಕೈಲಿ ಒಂದು ಲೋಟ ತೊಳೆಸ್ಲಿಲ್ಲ. ಈಗ ಒಳಲಂಗದವರೆಗೂ ಒಗೆಸ್ತಾವ್ರೆ!"

"ಉಜ್ಜೋ ಸೋಮಾರಿ," ಎಂದಳು ಪ್ರುದೆನ್ಸಿಯಾ ಅಜ್ಜಿ. ಶಾಸ್ತ್ರಗಳೆಲ್ಲ ಗೊತ್ತಿರುವವಳು ಅವಳೇ. "ಕಾಲರ್ ಹಂಗೇ ಐತೆ. ಟೀಚರಮ್ಮ ಎದ್ದು ಬಂದು ಕಿವಿ ಹಿಂಡ್ತಾಳೆ ನೋಡು."

ಎಲ್ಲರೂ ನಕ್ಕರು. ಜೋಳದ ಹೆಂಡದ ಬಟ್ಟಲು ಕೈಯಿಂದ ಕೈಗೆ ದಾಟಿತು. ಒಂದೊಂದು ಬಟ್ಟೆ ನೀರಿಗಿಳಿದಾಗಲೂ ಅದಕ್ಕೊಂದು ಕಥೆ ಹೇಳಬೇಕು. ಅತ್ತೆ ಮೂವತ್ತೆಂಟು ವರ್ಷ ಇದೇ ಊರಿನ ಶಾಲೆಯಲ್ಲಿ ಕಲಿಸಿದವರು. ಕಥೆಗಳಿಗೆ ಬರವಿರಲಿಲ್ಲ.

ಟೋಪಿ ತೆಗೆದುಕೊಟ್ಟೆ. ಮೊಮ್ಮಕ್ಕಳನ್ನು ಕಂಡಿರುವ ಅವರ ಹಳೆಯ ಶಿಷ್ಯ ಫೆಲಿಸಿಯಾನೊ ಎದ್ದು ನಿಂತ. "ಈ ಟೋಪಿ ಕಂಡ್ರೆ ಈಗ್ಲೂ ಓಡಿಹೋಗೋಣ ಅನ್ನಿಸ್ತದೆ. ಸ್ಕೂಲು ತಪ್ಪಿಸ್ಕೊಂಡು ಆಲೂಗಡ್ಡೆ ತುಂಬೋ ಗುಂಡಿಲಿ ಅಡಗಿದ್ದೆ. ಟೀಚರಮ್ಮ ಬಂದು ಮೇಲ್ಗಡೆ ಕೂತ್ಕೊಂಡ್ರು. ಬೈಲಿಲ್ಲ, ಕರೀಲಿಲ್ಲ. ಸಾಯಂಕಾಲದ ತನಕ ಸುಮ್ನೆ ಕೂತಿದ್ರು. ಕೊನೆಗೆ ನಾನೇ ಹೊರಗೆ ಬಂದೆ."

ಕಪ್ಪು ಲಂಗಕ್ಕೆ ನಿಲ್ಡಾ ಕಥೆ ಹೇಳಿದಳು. "ಮಿಲಿಟರಿಯವರು ಊರಲ್ಲಿ ಬೀಡುಬಿಟ್ಟಿದ್ದ ವರ್ಷ ಯಾರೂ ಮಕ್ಕಳನ್ನ ಹೊರಗೆ ಬಿಡ್ತಿರ್ಲಿಲ್ಲ. ಅಮ್ಮ ಬಾಗ್ಲು ಬಾಗ್ಲಿಗೂ ಹೋಗಿ ನಿಂತ್ಕೋತಿದ್ಲು. ಮಗು ಕಳಿಸೋ ತನಕ ಅಲ್ಲಿಂದ ಅಲ್ಲಾಡ್ತಿರ್ಲಿಲ್ಲ."

"ನನ್ನ ಮಗನ್ನ ಅವರಪ್ಪ ಕಾಡ್ ಕಡೆ ಕೂಲಿಗೆ ಎಳ್ಕೊಂಡೋಗಿದ್ದ," ಎಂದಳು ಪ್ರುದೆನ್ಸಿಯಾ. "ಎರಡು ದಿನ ನಡ್ಕೊಂಡು ಹೋಗಿ ಕರ್ಕೊಂಡು ಬಂದ್ಲು. ಬರಿಗೈಲಿ ವಾಪಸ್ ಬಂದೋಳೇ ಅಲ್ಲ ನಮ್ಮ ಟೀಚರಮ್ಮ."

ಒಳ್ಳೆಯ ಕಥೆಗಳು. ಹಿಂದೆ ಎಷ್ಟೋ ಸಲ ಹೆಮ್ಮೆಯಿಂದ ಕೇಳಿದ್ದೆ. ಈಗ ಪ್ರತಿಯೊಂದರಲ್ಲೂ ಅತ್ತೆ ಯಾರದೋ ಮಗುವನ್ನು ಕರೆದೊಯ್ಯಲು ಬರುತ್ತಿದ್ದರು.

ಕೊನೆಯ ಮಧ್ಯಾಹ್ನ ಅವರು ಎಲ್ಮಾಳ ತಲೆ ಸವರುತ್ತ ಹೇಳಿದ್ದು ನನಗೊಬ್ಬಳಿಗೇ ಗೊತ್ತು. "ಮಾರ್ಚಲ್ಲಿ ಸ್ಕೂಲು ಶುರುವಾದಾಗ ಇವಳನ್ನ ನಾನೇ ಕರ್ಕೊಂಡು ಹೋಗ್ತೀನಿ. ನೀನು ಬೇಡ." ಆ ಮನೆಯಲ್ಲಿ ಅವರು ಹೇಳಿದ ಮಾತು ನಡೆಯದೆ ಉಳಿದದ್ದಿಲ್ಲ.

ತಿಯೋಫಿಲೊ ಏಪ್ರನ್ನಿನ ಮಡಿಕೆ ಬಿಡಿಸಿ ಸೋಪು ತಿಕ್ಕುತ್ತಿದ್ದವನು ನಕ್ಕ. "ಇದೇನ್ ಅತ್ತಿಗೆ, ಅತ್ತೆ ಕಾಲು ಇಷ್ಟು ಚಿಕ್ಕದಾಗೋಯ್ತಾ?"

ಅವನ ಬೆರಳ ತುದಿಯಲ್ಲಿ ನೊರೆ ಮೆತ್ತಿದ ಕೆಂಪು ಕಾಲುಚೀಲ. ಎಲ್ಮಾಳದು. ಅಪ್ಪ ಸತ್ತ ಮೇಲೆ ಅವಳು ಅಜ್ಜಿಯ ಹಾಸಿಗೆಯಲ್ಲೇ ಮಲಗುತ್ತಿದ್ದಳು.

ಯಾರೂ ನಗಲಿಲ್ಲ. ಬದುಕಿರುವವರ ಬಟ್ಟೆ ಸತ್ತವರ ಬಟ್ಟೆಯ ಜೊತೆ ನೀರು ಕಂಡರೆ ಅವರನ್ನೂ ಸತ್ತವರು ಕರೆದೊಯ್ಯುತ್ತಾರೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ನಿಲ್ಡಾ ಚೀರಿ ಕಿತ್ತುಕೊಳ್ಳಹೋದಳು. ಇಬ್ಬರ ಕೈಯಿಂದಲೂ ಜಾರಿ ಕಾಲುಚೀಲ ಹೊಳೆಗೆ ಬಿತ್ತು.

"ಯಾರು ಕಟ್ಟಿದ್ದು ಗಂಟು?" ಪ್ರುದೆನ್ಸಿಯಾಳ ದನಿ ಇಳಿದಿತ್ತು.

ನಾನಾಗಲೇ ನೀರಿನಲ್ಲಿದ್ದೆ. ಸೊಂಟದವರೆಗೆ, ಆಮೇಲೆ ಎದೆಯವರೆಗೆ. ಚಳಿಗೆ ಉಸಿರು ಕಟ್ಟಿತು. ಕೆಂಪು ನೀರಿನಲ್ಲಿ ಕೆಂಪು ಕಾಲುಚೀಲ ಮುಳುಗಿ ಏಳುತ್ತಿತ್ತು. ನನ್ನ ಬಾಯಿಂದ ಹೆಸರು ಹೊರಟಿತು. "ಎಲ್ಮಾ! ಬಾ! ಮನೆಗೆ ಬಾ!" ಓದಿದ್ದು ಯಾವುದೂ ಆಗ ನೆನಪಾಗಲಿಲ್ಲ. ತಿರುವಿನ ಬಂಡೆಗೆ ಅದು ಅಂಟಿಕೊಂಡಾಗ ಹಿಡಿದೆ.

"ಮಗೂನ ಜೀವಾನ ಕರೀತಾನೇ ಮನೆಗೆ ಹೋಗು!" ದಂಡೆಯಿಂದ ಪ್ರುದೆನ್ಸಿಯಾ ಕೂಗಿದಳು. "ನೀನೊಬ್ಳೇ ಹೋಗ್ಬೇಕು. ಹಿಂದೆ ಮಾತ್ರ ತಿರುಗ್ಬೇಡ!"

ಏರುದಾರಿಯಲ್ಲಿ ಕರೆಯುತ್ತಲೇ ಹೋದೆ. ಅರ್ಧ ದಾರಿಯಲ್ಲಿ ಹಿಂದೆ ಹೆಜ್ಜೆ ಕೇಳಿಸಿತು. ಒದ್ದೆ ಲಂಗದ ಸದ್ದಿರಬೇಕು ಎಂದುಕೊಂಡು ನಿಂತೆ. ಲಂಗದ ಸದ್ದು ನಿಂತಿತು. ಹೆಜ್ಜೆ ಇನ್ನೆರಡು ಬಂದು ನಿಂತಿತು.

"ಅತ್ತೆ," ಎಂದೆ, ಮುಂದೆ ನೋಡುತ್ತಲೇ. "ನೀವು ಇಲ್ಲೇ ನಿಲ್ಲಿ. ಸ್ಕೂಲಿಗೆ ಅವಳನ್ನ ನಾನು ಕರ್ಕೊಂಡು ಹೋಗ್ತೀನಿ."

ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು. ಉತ್ತರಕ್ಕೆ ಕಾಯದೆ ಓಡಿದೆ.

ಎಲ್ಮಾ ಕೆನ್ನೆ ಕೆಂಪಾಗಿ ಕಣ್ಣು ಮುಚ್ಚಿ ಮಲಗಿದ್ದಳು. ಪಕ್ಕದ ಮನೆಯವಳು ನನ್ನ ಅವತಾರ ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೊರಗೆ ಹೋದಳು. ಒದ್ದೆ ಕಾಲುಚೀಲವನ್ನು ಹಿಂಡಿ ಮಗುವಿನ ಬಿಸಿ ಪಾದಕ್ಕೆ ತೊಡಿಸಿದೆ.

"ಥೂ, ತಣ್ಣಗಿದೆ! ಬಿಡಮ್ಮಾ!" ಅವಳು ಅಳುತ್ತ ಕಾಲು ಎಳೆದುಕೊಂಡಳು, ಒದ್ದಳು.

ಜ್ವರ ಇಳಿದಿರಲಿಲ್ಲ. ಹಾಸಿಗೆಯ ಪಕ್ಕದ ಬಾಗಿಲು ತೆರೆದೇ ಇತ್ತು, ಹೊಸ್ತಿಲ ಮೇಲೆ ಮಧ್ಯಾಹ್ನದ ಬಿಸಿಲು. ಒಂದು ಕೈಯಲ್ಲಿ ಅವಳ ಕಾಲನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಕೈ ಚಾಚಿ, ಹೊರಗೆ ನೋಡದೆ ಬಾಗಿಲು ಮುಚ್ಚಿದೆ.