ಗಾಳಿಚೀಲ

ಕಿಟ್ಟಣ್ಣನ ಮುಷ್ಟಿ ಬಿಗಿಯಿತು, ಸಡಿಲಾಯಿತು, ಪಾಯಸಕ್ಕೆಂದು ಹಿಂಡುತ್ತಿದ್ದ ಕಾಯಿತುರಿಯ ಹಾಲು ಬೆರಳ ಸಂದಿಯಲ್ಲಿ ಇಳಿಯಿತು, ವಿಮಲಾ ಅಡುಗೆಮನೆಯ ಬಾಗಿಲಿನಿಂದ ಕಣ್ಣು ಕಿತ್ತು ಕಾಫಿ ಲೋಟ ನೋಡಿದಳು — ಕೆನೆ ಕಟ್ಟಿದೆ, ಗಂಡನ ಹೋಟೆಲಿನ ಈ ಮೂಲೆ ಮೇಜಿಗೆ ಬಂದಾಗ ತಿಂಡಿಯ ಗಿರಾಕಿಗಳಿದ್ದರು, ಇನ್ನೇನು ತಿರುವೊಟ್ಟಿಯೂರಿನ ಫ್ಯಾಕ್ಟರಿಯವರು ಊಟಕ್ಕೆ ಬರುವ ಹೊತ್ತು, ಹನ್ನೆರಡರೊಳಗೆ ಹೇಳಿ ಡಾಕ್ಟ್ರೇ ಎಂದು ವೈದ್ಯರ ತಂಡದ ಸಂದೇಶ್ ಫೋನಿಗೆ ಬರೆದಿದ್ದಾನೆ, ತಂಡ ಶುಕ್ರವಾರ ಹೊರಡುತ್ತದೆ, ಮಕ್ಕಳಿಗೆ ಅರಿವಳಿಕೆ ಕೊಡುವವರು ಬೇರೆ ಯಾರೂ ಸಿಕ್ಕಿಲ್ಲ, ಹಿಂದೊಮ್ಮೆ ಹೋಗಿ ಬಂದ ಅದೇ ಯುದ್ಧ, ಆಸ್ಪತ್ರೆಯ ಗುಡಾರ ಮಾತ್ರ ದಕ್ಷಿಣಕ್ಕೆ ಸರಿದಿದೆ, ಹಳೆಯ ಜಾಗದ ಜನವೂ ಅಲ್ಲಿಗೇ ಬಂದಿದ್ದಾರಂತೆ — ಯಾರು ಯಾರು ಬಂದಿದ್ದಾರೆ, ಕೇಳಬೇಕು, ಕೇಳಬಾರದು. ಎಂತ ಮಾರಾಯ್ತಿ, ಪುನಃ ಹೋಗ್ಲಿಕ್ಕುಂಟಾ, ಗಲ್ಲಾದಿಂದ ಗಂಡ ಸುಬ್ರಾಯ, ಒಮ್ಮೆ ಬಾಂಬಿನ ಕೆಳಗೆ ಕೂತದ್ದು ಸಾಲದಾ, ಇಲ್ಲಾದ್ರೆ ಹೆಚ್ಚೆಂದ್ರೆ ಕಿಟ್ಟಣ್ಣನ ಸಾಂಬಾರು ತಲೆಗೆ ಬಿದ್ದೀತು — ತಾನು ಬಾಂಬಿಗೆ ಹೆದರಿದ್ದಾಳೆಂದೇ ಎಲ್ಲರ ಎಣಿಕೆ, ಮಗಳು ಅನ್ವಿತಾ ಕಾಲೇಜಿಗೆ ಹೊರಡುವಾಗ ಹೋಗಬೇಡ ಎನ್ನುವುದನ್ನು ಪೋಗಾದೆಮ್ಮಾ ಎಂದು ತಮಿಳಲ್ಲೇ ಹೇಳಿ ತಲೆಯನ್ನು ಎದೆಗೆ ಒತ್ತಿದ್ದಳು, ಅವಳ ಕೂದಲಿಗೆ ಶಾಂಪೂ ವಾಸನೆ, ಅಂದು ಗುಡಾರಕ್ಕೆ ತಂದ ಆ ಹುಡುಗನ ಕೂದಲಿಗೆ ಸಿಮೆಂಟಿನ ವಾಸನೆ.

ಆರು ವರ್ಷವಿರಬಹುದು, ತೊಡೆಯಲ್ಲಿ ಲೋಹದ ಚೂರು, ಗುಡಾರದ ತೂಕದ ಯಂತ್ರ ಕೆಟ್ಟು ಮೂರು ದಿನ, ಅಂಥಲ್ಲಿ ಮಗುವಿನ ಪಕ್ಕ ಬಣ್ಣದ ಪಟ್ಟಿ ಹಾಸುತ್ತಾರೆ, ಹಿಮ್ಮಡಿ ಮುಟ್ಟಿದ ಬಣ್ಣವೇ ತೂಕ, ಅದಕ್ಕೆ ತಕ್ಕ ಮದ್ದು, ನೀಲಿಗೆ ಮುಟ್ಟಿತು, ನೀಲಿಯ ಅಳತೆಯಲ್ಲೇ ಕೊಟ್ಟಳು, ಪಟ್ಟಿಗೆ ಉದ್ದ ಗೊತ್ತು, ಹಸಿವು ಗೊತ್ತಿಲ್ಲ, ಅವಳಿಗೆ ಗೊತ್ತಿರಬೇಕಿತ್ತು, ಪಕ್ಕೆಲುಬು ಕಣ್ಣೆದುರೇ ಇತ್ತಲ್ಲ — ಚೂರು ತೆಗೆದಾಯಿತು, ಮದ್ದು ಹೆಚ್ಚಾಗಿ ಉಸಿರು ತಾನಾಗಿ ಬರಲಿಲ್ಲ. ಗಂಟಲಿಗಿಳಿಸಿದ ನಳಿಕೆಗೆ ಗಾಳಿಚೀಲ ಸಿಕ್ಕಿಸಿ ಹಿಂಡುತ್ತ ನಿಂತಳು, ಮದ್ದು ಇಳಿಯುವ ತನಕ ಹಿಂಡಿದರೆ ಬದುಕುತ್ತಾನೆ, ಹಿಂಡುತ್ತಲೇ ಇದ್ದಳು, ಅಷ್ಟರಲ್ಲಿ ಇನ್ನೂ ನಾಲ್ಕು ಮಕ್ಕಳನ್ನು ಹೊತ್ತು ತಂದರು, ಒಂದರ ಕುತ್ತಿಗೆಯಿಂದ ರಕ್ತ, ಅವಳು ಚೀಲವನ್ನು ಹುಡುಗನ ತಾಯಿಯ ಕೈಗಿಟ್ಟಳು, ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆ ಕೈಮೇಲೆ ತನ್ನ ಕೈಯಿಟ್ಟು ತೋರಿಸಿದಳು, ಇಷ್ಟು, ಬಿಡು, ಇಷ್ಟು, ಬಿಡು, ತಾಯಿ ತಲೆಯಾಡಿಸಿದಳು. ಸಂಜೆ ಗುಂಡು ಹತ್ತಿರವಾಯಿತು, ತಂಡದವರು ವಿಮಲಾಳನ್ನು ವ್ಯಾನಿಗೆ ಎಳೆದರು, ತಿರುಗಿ ನೋಡಿದರೆ ಆ ತಾಯಿ ಇನ್ನೂ ಹಿಂಡುತ್ತಿದ್ದಳು.

ಅಕ್ಕ, ಸಿಹಿ ಸಾಕಾ ನೋಡಿ, ಕಿಟ್ಟಣ್ಣ ಬಟ್ಟಲು ಇಟ್ಟ, ನಿಮ್ಮ ಯಜಮಾನ್ರಿಗೆ ಎಲ್ಲವೂ ಸಪ್ಪೆ — ನಾಲಿಗೆಗೆ ಏನೂ ತಿಳಿಯಲಿಲ್ಲ, ಸಾಕು ಎಂದಳು, ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಐದು, ಹೋಗದಿದ್ದರೆ ಹುಡುಗ ಆ ಗುಡಾರದಲ್ಲೇ ಇರುತ್ತಾನೆ, ಸತ್ತೂ ಇಲ್ಲ, ಎದ್ದೂ ಇಲ್ಲ, ಹೋದರೆ ಅವನ ತಾಯಿಯ ಮುಖ ನೋಡಿದರೆ ಸಾಕು, ಗೊತ್ತಾಗಿಬಿಡುತ್ತದೆ, ಬರ್ತೇನೆ ಎಂದು ಫೋನಿನಲ್ಲಿ ಒತ್ತಿದಳು, ಹೋಯಿತು, ಸುಬ್ರಾಯ ಗಲ್ಲಾದಿಂದ ನೋಡುತ್ತಲೇ ಇದ್ದಾರೆ, ಆ ತಾಯಿಯೂ ಹೀಗೇ ನೋಡಿದ್ದಳು, ಏನೋ ಕೇಳುವ ಹಾಗೆ, ಇಷ್ಟು ಎಂದು ತೋರಿಸಿದ್ದಳು ವಿಮಲಾ, ಬಿಡು ಎಂದು ತೋರಿಸಿದ್ದಳು, ಎಷ್ಟು ಹೊತ್ತು ಎಂದು ತೋರಿಸಿರಲಿಲ್ಲ — ಆ ಕೈ, ಬಿಗಿಯುತ್ತದೆ, ಸಡಿಲಾಗುತ್ತದೆ, ಬಿಗಿಯುತ್ತದೆ