ವಾಲಿದ ಕನ್ನಡಿ

ಕತ್ತಿ ತಾಗಿ ಆದ ಗಾಯವೇ ಆಗಿದ್ದರೆ ಎರಡು ವಾರದಲ್ಲಿ ಮಾಯಬೇಕಿತ್ತಲ್ಲ? ಮಾಯಲಿಲ್ಲ ಎಂದು ಗೊತ್ತಾದಾಗಲಾದರೂ ತಾನು ಬಾಯಿ ಬಿಡಬಹುದಿತ್ತಲ್ಲ? ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯ ಹೊರಗೆ, ಬೆಂಚಿನ ಮೇಲೆ ಅಣ್ಣನ ಪಕ್ಕ ಕೂತ ಕ್ಷೌರಿಕ ಬೆಳಗಿನಿಂದ ಇದನ್ನೇ ಮಗುಚಿ ಹಾಕುತ್ತಿದ್ದ.

ಅಣ್ಣ ಮೂವತ್ತು ವರ್ಷ ಬಸ್ಸು ಓಡಿಸಿದವನು. ಕಿಟಕಿಯ ಬಿಸಿಲೆಲ್ಲ ಬಲಗಿವಿಗೇ ಬಿದ್ದಿತ್ತು. ಆ ಕಿವಿಯ ಹಿಂಬದಿಯಲ್ಲಿ, ಅವನ ಕಣ್ಣಿಗೆ ಎಂದೂ ಕಾಣದ ಜಾಗದಲ್ಲಿ, ಹುಣ್ಣೊಂದು ಬೆಳೆದು ಕ್ಯಾನ್ಸರ್ ಎನಿಸಿಕೊಂಡಿತು. ವಾರದ ಹಿಂದೆ ಡಾಕ್ಟರಮ್ಮ ಅದನ್ನು ಕೊಯ್ದು ತೆಗೆದು, ಕೊರಳ ಬುಡದಿಂದ ಎರಡು ಬೆರಳಗಲ ಚರ್ಮ ತಂದು ಅಲ್ಲಿಗೆ ಕಸಿ ಮಾಡಿದ್ದರು. ಅಲುಗದಂತೆ ಮೇಲೊಂದು ಹತ್ತಿಯುಂಡೆ ಇಟ್ಟು ಹೊಲಿದು ಬಿಗಿದಿದ್ದರು. ಇವತ್ತು ಅದನ್ನು ಬಿಚ್ಚುವ ದಿನ. ಕೆಂಪಗಿದ್ದರೆ ಹಿಡಿದಿದೆ, ಕಪ್ಪಾಗಿದ್ದರೆ ಸತ್ತಿದೆ ಎಂದು ನರ್ಸ್ ಹೇಳಿದ್ದಳು.

“ಯಾಕೋ, ಮುಖ ಹುಳ್ಳಗೆ ಮಾಡ್ಕೊಂಡಿದೀಯ?” ಅಣ್ಣ ಮೊಣಕೈಯಿಂದ ತಿವಿದ. “ಹೋದ್ರೆ ಹೋಗ್ಲಿ ಬಿಡು, ನಿಮ್ಮತ್ತಿಗೆ ಬೈಗುಳಕ್ಕೆ ಒಂದು ಕಿವಿ ಸಾಕು.”

ಆ ಒಂದನ್ನೂ ಬಿಡುವುದಿಲ್ಲ ಎಂದು ಬೆಂಚಿನ ಆ ತುದಿಯಲ್ಲಿದ್ದ ಅತ್ತಿಗೆ ಗದರಿದಳು. ಆಮೇಲೆ ಆಚೆ ತಿರುಗಿ ಕಣ್ಣೊರೆಸಿಕೊಂಡಳು.

ಎರಡು ವರ್ಷದ ಹಿಂದೆ, ಅಣ್ಣನ ಕೂದಲು ಕತ್ತರಿಸಲು ಕಿವಿ ಮಡಚಿದಾಗ ತಮ್ಮ ಅದನ್ನು ಮೊದಲು ಕಂಡಿದ್ದ. ಅಕ್ಕಿಕಾಳಿನಷ್ಟು ಹಸಿ ಗಾಯ. ತನ್ನ ಕತ್ತಿಯೇ ತಾಗಿತು ಎಂದುಕೊಂಡ. ಊರಿಗೆಲ್ಲ ಕೈಚಳಕ ತೋರಿಸಿ ಒಡಹುಟ್ಟಿದವನಿಗೇ ಗಾಯ ಮಾಡಿದೆನಲ್ಲ ಎಂದು ನಾಚಿ, ರಕ್ತ ನಿಲ್ಲಲೆಂದು ಸದ್ದಿಲ್ಲದೆ ಪಟಿಕದ ತುಂಡು ಒತ್ತಿದ. ಕೆಲಸ ಮುಗಿದ ಮೇಲೆ ಹಿಂದಿನಿಂದ ಕೈಗನ್ನಡಿ ಹಿಡಿದು ಗಿರಾಕಿಗೆ ತೋರಿಸುವುದು ಅಂಗಡಿಯ ರೂಢಿ. ಅವತ್ತು ಕನ್ನಡಿಯನ್ನು ಸ್ವಲ್ಪ ಎಡಕ್ಕೆ ವಾಲಿಸಿದ. ಮುಂದಿನ ತಿಂಗಳೂ ಗಾಯ ಅಲ್ಲೇ ಇತ್ತು. ಹಕ್ಕಳೆ ಎದ್ದ ಕಡೆ ಮತ್ತೆ ತಾನೇ ತಾಗಿಸಿದ್ದು ಎಂದುಕೊಂಡು ಬಲಗಡೆಯ ಕೂದಲನ್ನು ಒಂದಿಷ್ಟು ಉದ್ದ ಬಿಟ್ಟ. ತಿಂಗಳು ತಿಂಗಳೂ ಕನ್ನಡಿ ವಾಲುತ್ತಲೇ ಹೋಯಿತು. ಕೊನೆಗೆ ದಿಂಬಿನ ಮೇಲೆ ರಕ್ತ ಕಂಡವಳು ಅತ್ತಿಗೆ.

ಮೂವರನ್ನೂ ಒಳಗೆ ಕರೆದು, ಡಾಕ್ಟರಮ್ಮ ದಾರ ಕತ್ತರಿಸಿ ಹತ್ತಿ ಎತ್ತಿದರು. ಅಡಿಯಲ್ಲಿ ತೇವದ ತೆಳುಗೆಂಪು. ಚೆನ್ನಾಗಿ ಹಿಡಿದಿದೆ ಎಂದರು. ಅತ್ತಿಗೆಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಡಾಕ್ಟರಮ್ಮನ ಬೆರಳುಗಳು ಅಣ್ಣನ ದವಡೆಯ ಕೆಳಗಿಳಿದು ಒಂದು ಕಡೆ ನಿಂತವು. ಹೋದ ವಾರ ಕೈಗೆ ಸಿಗದಿದ್ದ ಗಂಟು ಅಲ್ಲಿತ್ತು.

“ಕೂದಲು ಕತ್ತರಿಸೋರಾದ್ರೂ ಕಿವಿ ಹಿಂದಿನ ಹುಣ್ಣನ್ನ ಮೊದಲೇ ನೋಡಿರಲಿಲ್ವಾ?”

“ಕತ್ತರಿಸೋನು ಇವನೇ, ನನ್ನ ತಮ್ಮ,” ಅಣ್ಣ ಅವನ ಕೈ ಹಿಡಿದ. “ಇವನ ಕಣ್ಣಿಗೆ ಬಿದ್ದಿದ್ರೆ ನನ್ನ ಹೊತ್ಕೊಂಡಾದ್ರೂ ಬರ್ತಿದ್ದ.”

ತಮ್ಮ ನೆಲ ನೋಡಿದ.

ಕಸಿ ಕೊನೆಯವರೆಗೂ ಬಾಡಲಿಲ್ಲ. ಗಂಟು ಮಾತ್ರ ಕೊರಳನ್ನೆಲ್ಲ ತಿಂದಿತು. ಕಸಿಯಾದ ಹತ್ತನೆಯ ತಿಂಗಳು ತಮ್ಮ, ಅಣ್ಣನನ್ನು ಹಾಸಿಗೆಯಲ್ಲೇ ಕೂರಿಸಿ, ಕೊನೆಯ ಸಲ ಕೂದಲು ಕತ್ತರಿಸಿದ. ಕಿವಿ ಮಡಚಿ, ಈಗ ನುಣುಪಾಗಿದ್ದ ಆ ಜಾಗದ ಸುತ್ತ ಕತ್ತರಿಯನ್ನಷ್ಟೇ ಆಡಿಸಿದ, ಕತ್ತಿ ಮುಟ್ಟಲಿಲ್ಲ. ಅಣ್ಣ ಕನ್ನಡಿ ಕೇಳಿದ. ಮುಂದೆ ಅತ್ತಿಗೆ ಒಂದನ್ನು ಹಿಡಿದಳು. ಹಿಂದಿನಿಂದ ಅವನು ಇನ್ನೊಂದನ್ನು ನೇರವಾಗಿ ಹಿಡಿದ.

“ಕೊರಳಿನ ಚರ್ಮ ಕಿವಿಗೆ ಒಪ್ಪಿದೆ ಕಣೋ,” ಎಂದ ಅಣ್ಣ.

ಎರಡು ವರ್ಷ ಆ ಹುಣ್ಣನ್ನು ನೋಡುತ್ತಲೇ ಇದ್ದೆ ಎಂದು ಅವನು ಅಣ್ಣನಿಗೆ ಹೇಳಲೇ ಇಲ್ಲ.